ಮತ ಕೊಟ್ಟೆವು, ಲೆಕ್ಕ ಕೇಳಲಿಲ್ಲ

(ಮಮದಾಪುರದಲ್ಲಿ ಇಶಾ ನಮಾಝಿನ ಬಳಿಕ ಶಾಲೆಯೊಂದರ ಅಂಗಳದಲ್ಲಿ ಸೇರಿದ್ದ ಕುಟುಂಬಗಳ ಮುಂದೆ ಮಾಡಿದ ಭಾಷಣದ ಬರಹ ರೂಪ)



ಈ ಊರಿಗೆ ಬಂದವರು ಮೊದಲು ನೋಡುವುದು ಕೆರೆಯನ್ನು. ಬಿಜಾಪುರದಲ್ಲಿ ಗೋಳಗುಮ್ಮಟವನ್ನು ಕಟ್ಟಿಸಿದ ಸುಲ್ತಾನ್ ಮುಹಮ್ಮದ್ ಆದಿಲ್‌ಶಾಹನೇ ಇಲ್ಲಿ ಕೆರೆಯನ್ನೂ ಕಟ್ಟಿಸಿದನು. ಊರಿನ ಹೆಸರಿನಲ್ಲೂ ಅವನ ಹೆಸರು ಉಳಿದಿದೆ. ಹದಿನೇಳನೆಯ ಶತಮಾನದ ಆ ದಿನಗಳಲ್ಲಿ ಕೆರೆ ಬೇಕೆಂದು ಯಾರೂ ಮತ ಹಾಕಿರಲಿಲ್ಲ. ದೊರೆ ದಯಾಳುವಾಗಿದ್ದರೆ ಕೆರೆ ಬರುತ್ತಿತ್ತು. ಇಲ್ಲವಾದರೆ ಕಂದಾಯದವರು ಮಾತ್ರ ಬರುತ್ತಿದ್ದರು. ಪ್ರಜೆಗೆ ಇದ್ದುದು ಎರಡೇ ಕೆಲಸ: ಸಿಕ್ಕಿದ್ದಕ್ಕೆ ಕೃತಜ್ಞನಾಗುವುದು, ಸಿಗದಿದ್ದುದಕ್ಕೆ ಕಾಯುವುದು.

ಇಂದು ದೊರೆ ಇಲ್ಲ. ನಮ್ಮ ಪ್ರತಿಯೊಬ್ಬರ ಕಿಸೆಯಲ್ಲಿ ಮತದಾರರ ಗುರುತಿನ ಚೀಟಿ ಇದೆ. ಈ ಜಿಲ್ಲೆಯ ಹಲವು ಕೆರೆಗಳಿಗೆ ಏತ ನೀರಾವರಿಯ ಮೂಲಕ ಕೃಷ್ಣೆಯ ನೀರು ಹರಿದು ಬಂದಿರುವುದು ಯಾರ ದಯೆಯಿಂದಲೂ ಅಲ್ಲ. ಅದು ನಮ್ಮ ತೆರಿಗೆಯ ಹಣ, ನಮ್ಮ ಮತದ ಫಲ. ಆದರೆ ಚುನಾವಣೆ ಬಂತೆಂದರೆ ನಮ್ಮ ಸಮುದಾಯವು ನಾಗರಿಕನಂತೆ ವರ್ತಿಸುವುದೋ, ಹಳೆಯ ಪ್ರಜೆಯಂತೆ ವರ್ತಿಸುವುದೋ? ಇಂದು ನಾವು ನಿಮ್ಮ ಮುಂದಿಡಬಯಸುವ ಪ್ರಶ್ನೆ ಇದೊಂದೇ. ನಾವು ತಪ್ಪದೆ ಮತ ಕೊಡುತ್ತೇವೆ. ಆದರೆ ಲೆಕ್ಕ ಕೇಳುವುದಿಲ್ಲ. ಲೆಕ್ಕ ಕೇಳದವನ ಮತಕ್ಕೂ ದೊರೆಗೆ ಕಟ್ಟಿದ ಕಾಣಿಕೆಗೂ ಏನು ವ್ಯತ್ಯಾಸ?

ಈ ಹಕ್ಕು ಬಂದ ದಾರಿ

ಮತದ ಹಕ್ಕು ನಮಗೆ ಅಗ್ಗವಾಗಿ ಕಾಣುವುದು ಅದು ಬಂದ ದಾರಿಯನ್ನು ನಾವು ಮರೆತಿರುವುದರಿಂದ. ಬ್ರಿಟಿಷರ ಕಾಲದಲ್ಲಿ ಬಿಜಾಪುರ ಮುಂಬಯಿ ಪ್ರಾಂತ್ಯಕ್ಕೆ ಸೇರಿತ್ತು. 1909ರ ಸುಧಾರಣೆಗಳು ಮುಸ್ಲಿಮರಿಗೆ ಪ್ರತ್ಯೇಕ ಮತಕ್ಷೇತ್ರವನ್ನು ಕೊಟ್ಟವು. ಕೇಳಲು ಅದು ದೊಡ್ಡ ಗೌರವ. ಆದರೆ ಮತ ಹಾಕುವವರು ಯಾರು? ಜಮೀನು, ತೆರಿಗೆ, ವಿದ್ಯೆ ಇದ್ದ ಕೆಲವರು. 1935ರ ಕಾಯ್ದೆಯ ನಂತರವೂ ಬ್ರಿಟಿಷ್ ಭಾರತದ ಜನರಲ್ಲಿ ಸುಮಾರು ಏಳರಲ್ಲಿ ಒಬ್ಬರಿಗೆ ಮಾತ್ರ ಮತವಿತ್ತು. ನಮ್ಮ ಪಿಂಜಾರರಿಗೆ, ನೇಕಾರರಿಗೆ, ಹೊಲದ ಕೂಲಿಗಳಿಗೆ ಅದರಲ್ಲಿ ಪಾಲಿರಲಿಲ್ಲ.

ಸಂವಿಧಾನ ರಚನಾ ಸಭೆಯಲ್ಲಿ ಈ ಪ್ರತ್ಯೇಕ ಮತಕ್ಷೇತ್ರವನ್ನು ಬೇಡವೆಂದವರಲ್ಲಿ ಸಭೆಯ ಏಕೈಕ ಮುಸ್ಲಿಮ್ ಮಹಿಳಾ ಸದಸ್ಯೆ ಬೇಗಮ್ ಐಝಾಝ್ ರಸೂಲ್ ಪ್ರಮುಖರು. ಅವರ ನಿಲುವಿನಲ್ಲಿದ್ದ ದೂರದೃಷ್ಟಿಯನ್ನು ನಾವು ಇಂದು ಚೆನ್ನಾಗಿ ಅರಿಯಬಲ್ಲೆವು. ಮತಕ್ಷೇತ್ರ ಒಂದೇ ಆದಾಗ ಅನ್ಯಧರ್ಮೀಯ ಅಭ್ಯರ್ಥಿ ನಮ್ಮ ಓಣಿಗೆ ಬರಲೇಬೇಕು. ನಮ್ಮ ಅಭ್ಯರ್ಥಿಯೂ ನೆರೆಯವರ ಬಾಗಿಲಿಗೆ ಹೋಗಲೇಬೇಕು. ಸಂವಿಧಾನದ 326ನೇ ವಿಧಿ ಎಲ್ಲ ವಯಸ್ಕರಿಗೂ ಮತವನ್ನು ಕೊಟ್ಟಿತು. 1989ರಲ್ಲಿ ಆ ವಯಸ್ಸು 21ರಿಂದ 18ಕ್ಕೆ ಇಳಿಯಿತು. ಬಡವನ ಮತಕ್ಕೂ ಜಹಗೀರುದಾರನ ಮತಕ್ಕೂ ತೂಕ ಒಂದೇ ಆಯಿತು. ಹಳೆಯ ಸುಲ್ತಾನರ ಆಳ್ವಿಕೆಯನ್ನು ನೆನೆದು ಹೆಮ್ಮೆಪಡುವವರು ಇದನ್ನೂ ನೆನೆಯಬೇಕು: ಆ ಆಳ್ವಿಕೆಯಲ್ಲಿ ನಮ್ಮ ಅಜ್ಜಂದಿರಿಗೆ ಇಲ್ಲದಿದ್ದ ಸ್ಥಾನವನ್ನು ನಮಗೆ ಕೊಟ್ಟದ್ದು ಈ ಸಂವಿಧಾನ.

ಮತದಾರ ತಯಾರಾಗುವುದೆಲ್ಲಿ?

ರಾಜ್ಯಶಾಸ್ತ್ರದ ಪುಸ್ತಕಗಳಲ್ಲಿ ‘ರಾಜಕೀಯ ಸಾಮಾಜೀಕರಣ’ ಎಂಬ ಮಾತಿದೆ. ಅರ್ಥ ಸರಳ. ಮನುಷ್ಯ ಮತದಾರನಾಗಿ ಹುಟ್ಟುವುದಿಲ್ಲ. ಮನೆ, ಶಾಲೆ, ಗೆಳೆಯರು, ಧಾರ್ಮಿಕ ಕೇಂದ್ರ, ಪತ್ರಿಕೆ, ಪಕ್ಷ ಇವೆಲ್ಲ ಸೇರಿ ಅವನನ್ನು ಮತದಾರನನ್ನಾಗಿ ಮಾಡುತ್ತವೆ. ನಾವು ಮದರಸದಲ್ಲಿ ಓದುವಾಗ ಖಿಲಾಫತ್ತಿನ ಚರಿತ್ರೆಯನ್ನು, ಶೂರಾದ ಮಹತ್ವವನ್ನು ಕಲಿತೆವು. ಆದರೆ ಗ್ರಾಮ ಸಭೆ ಎಂದರೇನು ಎಂಬುದನ್ನು ಅಲ್ಲಿ ಯಾರೂ ಹೇಳಲಿಲ್ಲ. ಮುಂದೆ ಪದವಿ ಕಾಲೇಜಿನಲ್ಲಿ ಪಂಚಾಯತ್ ರಾಜ್ ಕಾಯ್ದೆಯನ್ನು ಬಾಯಿಪಾಠ ಮಾಡಿದೆವು. ಸಮಾಲೋಚನೆಯು ಒಂದು ಇಬಾದತ್ತಿನಂಥ ಹೊಣೆ ಎಂಬ ಭಾವ ಅಲ್ಲಿರಲಿಲ್ಲ. ಈ ಎರಡು ಓದುಗಳು ಒಂದೇ ತಲೆಯಲ್ಲಿದ್ದೂ ಪರಸ್ಪರ ಸಲಾಮ್ ಹೇಳಲಿಲ್ಲ. ನಮ್ಮ ಸಮುದಾಯದ ಸ್ಥಿತಿಯೂ ಇದೇ.

ಹಾಗಾದರೆ ನಮ್ಮ ಮನೆಯ ಹುಡುಗ ರಾಜಕೀಯವನ್ನು ಎಲ್ಲಿ ಕಲಿಯುತ್ತಾನೆ? ಹತ್ತು ವರ್ಷದ ಹುಡುಗ ಊಟದ ದಸ್ತರಖಾನಿನ ಮೇಲೆ ಕೇಳುವ ಮಾತು ಒಂದೇ: “ಈ ಸಲ ಯಾರನ್ನು ಸೋಲಿಸಬೇಕು?” ಯಾವ ಶಾಲೆಯಲ್ಲಿ ಶಿಕ್ಷಕರಿಲ್ಲ, ಯಾವ ಓಣಿಗೆ ಚರಂಡಿ ಬೇಕು, ನಮ್ಮ ಹೆಣ್ಣುಮಕ್ಕಳಿಗೆ ಕಾಲೇಜು ಎಷ್ಟು ದೂರ, ಇವು ಅವನ ಕಿವಿಗೆ ಬೀಳುವುದಿಲ್ಲ. ಸ್ವಲ್ಪ ದೊಡ್ಡವನಾದ ಮೇಲೆ ಚಹಾದ ಅಂಗಡಿಯಲ್ಲಿ ಅದೇ ಮಾತು ಇನ್ನಷ್ಟು ಕಾವೇರುತ್ತದೆ. ಈಗಂತೂ ಮೊಬೈಲ್ ಇದೆ. ಬೆಳಗಾಗುವುದರೊಳಗೆ ನೂರು ಸಂದೇಶಗಳು, ಅವುಗಳಲ್ಲಿ ತೊಂಬತ್ತು ಹೆದರಿಸುವವು. ಹೀಗೆ 18 ತುಂಬುವಾಗ ನಮ್ಮ ಹುಡುಗನಿಗೆ ಯಾರಿಗೆ ಹೆದರಬೇಕೆಂಬುದು ಚೆನ್ನಾಗಿ ಗೊತ್ತಿರುತ್ತದೆ. ಏನನ್ನು ಕೇಳಬೇಕೆಂಬುದು ಗೊತ್ತಿರುವುದಿಲ್ಲ.

ಭಯ ಆಧಾರವಿಲ್ಲದ್ದು ಎಂದು ನಾವು ಹೇಳುತ್ತಿಲ್ಲ. 2022ರಲ್ಲಿ ನಮ್ಮ ಹೆಣ್ಣುಮಕ್ಕಳು ತಲೆವಸ್ತ್ರದ ಕಾರಣಕ್ಕೆ ಕಾಲೇಜಿನ ಗೇಟಿನಲ್ಲಿ ನಿಂತದ್ದನ್ನು ನಾವು ಕಂಡಿದ್ದೇವೆ. 2023ರ ಮಾರ್ಚ್‌ನಲ್ಲಿ, ಚುನಾವಣೆಗೆ ಕೆಲವೇ ವಾರಗಳಿರುವಾಗ, ಆಗಿನ ರಾಜ್ಯ ಸರಕಾರವು 2ಬಿ ಪ್ರವರ್ಗದ ಶೇ. 4ರ ಮೀಸಲಾತಿಯನ್ನು ರದ್ದುಪಡಿಸಿತು. ವಿಷಯ ಸುಪ್ರೀಂ ಕೋರ್ಟಿಗೆ ಹೋಗಿ, ಆ ಆದೇಶದಂತೆ ಸದ್ಯಕ್ಕೆ ನಡೆಯುವುದಿಲ್ಲವೆಂದು ಅದೇ ಸರಕಾರ ಒಪ್ಪಬೇಕಾಯಿತು. ಇಂಥ ಹೊತ್ತಿನಲ್ಲಿ ರಕ್ಷಣೆಗಾಗಿ ಮತ ಹಾಕುವುದು ಸಹಜ. ಆದರೆ ಸಹೋದರರೇ, ಭಯವು ಮತ ಹಾಕಿಸುತ್ತದೆ, ಲೆಕ್ಕ ಕೇಳಿಸುವುದಿಲ್ಲ. ನಾವು ಬೇರೆಡೆಗೆ ಹೋಗಲಾರೆವು ಎಂದು ಬಲ್ಲವನು ನಮಗೆ ಏಕೆ ಉತ್ತರ ಕೊಡಬೇಕು? ಯಾವ ಪಕ್ಷವೂ ತನ್ನ ಕೈಯಲ್ಲಿ ಭದ್ರವಾಗಿರುವ ಮತಕ್ಕಾಗಿ ಬೆವರು ಸುರಿಸುವುದಿಲ್ಲ. ‘ವೋಟ್ ಬ್ಯಾಂಕ್’ ಎಂಬ ಹೀಯಾಳಿಕೆ ಕೇಳಿದಾಗ ನಾವು ಸಿಟ್ಟಾಗುತ್ತೇವೆ. ಆದರೆ ಬ್ಯಾಂಕಿನಲ್ಲಿ ಹಣವಿಟ್ಟವನು ವರ್ಷಕ್ಕೊಮ್ಮೆಯಾದರೂ ಪಾಸ್‌ಬುಕ್ ತೆರೆದು ನೋಡುತ್ತಾನೆ. ನಾವು ಅದನ್ನೂ ಮಾಡಲಿಲ್ಲ.

ಸಂಖ್ಯೆಯ ಮಾತೂ ಬರಲಿ. 2011ರ ಜನಗಣತಿಯ ಪ್ರಕಾರ ಕರ್ನಾಟಕದಲ್ಲಿ ಮುಸ್ಲಿಮರ ಪ್ರಮಾಣ ಶೇ. 12.92. ವಿಧಾನಸಭೆಯ ಸ್ಥಾನಗಳು 224. ದೇವರಾಜ ಅರಸು ಅವರ ಕಾಲದಲ್ಲಿ, 1978ರ ಚುನಾವಣೆಯಲ್ಲಿ 16 ಮುಸ್ಲಿಮ್ ಶಾಸಕರು ಆಯ್ಕೆಯಾಗಿದ್ದರು. ಐದೇ ವರ್ಷಗಳ ನಂತರ 1983ರಲ್ಲಿ ಆ ಸಂಖ್ಯೆ 2ಕ್ಕೆ ಕುಸಿಯಿತು. 2023ರಲ್ಲಿ 9 ಮಂದಿ ಗೆದ್ದರು, ಎಲ್ಲರೂ ಒಂದೇ ಪಕ್ಷದವರು. ಇದನ್ನು ನೋಡಿ ದುಃಖಿಸುವವರಿದ್ದಾರೆ. ಆದರೆ ಪ್ರಾತಿನಿಧ್ಯವೆಂದರೆ ನಮ್ಮ ಹೆಸರಿನವರು ಗೆಲ್ಲುವುದು ಮಾತ್ರವೇ? ನಮ್ಮ ಜಿಲ್ಲೆಯ ಲೋಕಸಭಾ ಕ್ಷೇತ್ರವು 2009ರಿಂದ ಪರಿಶಿಷ್ಟ ಜಾತಿಗೆ ಮೀಸಲಾಗಿದೆ. ಶತಮಾನಗಳ ಕಾಲ ತುಳಿಯಲ್ಪಟ್ಟ ಸಹೋದರರಿಗೆ ದೊರೆತ ಆ ಸ್ಥಾನದ ಬಗ್ಗೆ ನಮಗೆ ತಕರಾರಿಲ್ಲ. ಅಲ್ಲಿ ನಾವು ನಿಲ್ಲಲಾರೆವು, ಆದರೆ ಕೇಳಬಲ್ಲೆವು. ಕೇಳಿದ್ದೇವೆಯೇ?

ಇನ್ನೊಂದು ಉದಾಹರಣೆ ಕೊಡೋಣ. 2016ರಲ್ಲಿ ಆಯ್ಕೆಯಾದ ಜಿಲ್ಲಾ ಪಂಚಾಯತ್, ತಾಲೂಕು ಪಂಚಾಯತ್ ಸದಸ್ಯರ ಅವಧಿ 2021ರಲ್ಲಿ ಮುಗಿಯಿತು. ಅದಾದ ಮೇಲೆ ವರ್ಷಗಟ್ಟಲೆ ಚುನಾವಣೆ ನಡೆಯಲಿಲ್ಲ. ಬೇರೆ ಬೇರೆ ಪಕ್ಷಗಳ ಸರಕಾರಗಳು ಬಂದು ಹೋದವು. ಕ್ಷೇತ್ರ ವಿಂಗಡಣೆ, ಮೀಸಲಾತಿ ಪಟ್ಟಿ ಎಂದು ದಿನ ದೂಡಿದವು. ಶಾಲೆ, ಆಸ್ಪತ್ರೆ, ಕುಡಿಯುವ ನೀರಿನ ಬಗ್ಗೆ ನಾವು ಕೇಳಬೇಕಾದ ಎರಡು ಬಾಗಿಲುಗಳು ಮುಚ್ಚಿದವು. ಒಂದು ಮೆರವಣಿಗೆಯ ದಾರಿ ಬದಲಾದರೆ ಬೀದಿಗಿಳಿಯುವ ನಾವು, ಎರಡು ಮತಗಳನ್ನೇ ಕಿತ್ತುಕೊಂಡಾಗ ಚಕಾರವೆತ್ತಲಿಲ್ಲ.

ಹೊನವಾಡದ ಪಾಠ

ದೂರದ ಮಾತು ಬೇಡ. ನಮ್ಮ ಪಕ್ಕದ ತಿಕೋಟಾ ತಾಲೂಕಿನ ಹೊನವಾಡವನ್ನು ನೆನೆಯೋಣ. 2024ರ ಅಕ್ಟೋಬರ್‌ನಲ್ಲಿ ಅಲ್ಲಿನ ರೈತರ ಸುಮಾರು 1,200 ಎಕರೆ ಜಮೀನು ವಕ್ಫ್ ಪಾಲಾಗುತ್ತದೆ ಎಂಬ ಕೂಗೆದ್ದಿತು. ಹಳೆಯ ಗೆಜೆಟ್ ಅಧಿಸೂಚನೆಯಲ್ಲಿ ಊರಿನ ಹೆಸರು ತಪ್ಪಾಗಿ ಸೇರಿದ್ದರಿಂದ ಆದ ಗೊಂದಲ ಇದು, ಹೊನವಾಡದಲ್ಲಿರುವ ವಕ್ಫ್ ಆಸ್ತಿ 11 ಎಕರೆ ಮಾತ್ರ, ಅದರಲ್ಲೂ ಬಹುಪಾಲು ಖಬರಸ್ಥಾನ ಎಂದು ಜಿಲ್ಲಾ ಉಸ್ತುವಾರಿ ಸಚಿವ ಎಂ.ಬಿ. ಪಾಟೀಲರು ವಿವರಿಸಿದರು. ಆದರೆ ಅಷ್ಟರಲ್ಲಿ ಬೆಂಕಿ ಹೊತ್ತಿತ್ತು. ವಿಜಯಪುರದಲ್ಲಿ ಧರಣಿ ನಡೆಯಿತು. ರಾಜ್ಯದ ಉಪಚುನಾವಣೆಗಳ ಪ್ರಚಾರಕ್ಕೆ ಅದೇ ಸರಕಾಯಿತು. ನವೆಂಬರ್‌ನಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯನವರು ರೈತರಿಗೆ ಕೊಟ್ಟ ನೋಟಿಸುಗಳನ್ನು ಹಿಂಪಡೆಯಲು ಅಧಿಕಾರಿಗಳಿಗೆ ಸೂಚಿಸಿದರು.

ಪಕ್ಷಗಳು ಮಾಡಿದ್ದು ಪಕ್ಷಗಳಿಗೇ ಇರಲಿ. ನಾವು ಮಾಡಿದ್ದೇನು? ನಮ್ಮಲ್ಲಿ ಕೆಲವರು “ವಕ್ಫ್ ಅಪಾಯದಲ್ಲಿದೆ” ಎಂಬ ಸಂದೇಶವನ್ನು ಮುಂದೆ ಕಳುಹಿಸಿದರು. ಇನ್ನು ಕೆಲವರು ಬಾಯಿ ಮುಚ್ಚಿ ಮನೆಯಲ್ಲಿ ಕುಳಿತರು. ಆ ಗೆಜೆಟ್ಟನ್ನು ಕೈಯಲ್ಲಿ ಹಿಡಿದು, ಪಹಣಿಯ ಪಕ್ಕದಲ್ಲಿಟ್ಟು ಓದಿ, ನೆರೆಯ ರೈತನ ಕಟ್ಟೆಗೆ ಹೋಗಿ “ಅಣ್ಣಾ, ನಿಮ್ಮ ಹೊಲ ನಿಮ್ಮದೇ. ಇಲ್ಲಿ ನಮ್ಮದೆಂದು ಇರುವುದು ನಮ್ಮ ಸತ್ತವರು ಮಲಗಿರುವ ಈ ಜಾಗ” ಎಂದು ಹೇಳಬಲ್ಲವರು ಒಂದೊಂದು ಊರಿನಲ್ಲಿ ನಾಲ್ಕು ಮಂದಿ ಇದ್ದಿದ್ದರೆ? ನಮ್ಮ ಪರವಾಗಿಯೇ ತಪ್ಪು ಬರೆದಿದ್ದರೂ ಅದು ತಪ್ಪೆಂದು ಹೇಳುವುದು ಮುಸ್ಲಿಮನ ಹೊಣೆ. ತನ್ನ ವಿರುದ್ಧವಾದರೂ, ತಂದೆತಾಯಿಯ ವಿರುದ್ಧವಾದರೂ ನ್ಯಾಯಕ್ಕೆ ಸಾಕ್ಷಿಯಾಗಿ ನಿಲ್ಲಬೇಕೆಂಬ ಸೂರಃ ಅನ್ನಿಸಾದ ಆದೇಶವನ್ನು ನಾವು ಖುತ್ಬಾಗಳಲ್ಲಿ ಕೇಳುತ್ತಲೇ ಇರುತ್ತೇವೆ. ಅದನ್ನು ಆಚರಣೆಗೆ ತರುವ ಜಾಗ ಮಿಂಬರ್ ಅಲ್ಲ. ಗ್ರಾಮ ಪಂಚಾಯತಿಯ ಸಭಾಂಗಣ. ರಾಜಕೀಯ ಶಿಕ್ಷಣವೆಂದರೆ ಇದು. ಓದಬಲ್ಲ ನಾಲ್ಕು ಮಂದಿ ಇಲ್ಲದ ಊರಿನಲ್ಲಿ ಗಾಳಿಮಾತೇ ಗೆಜೆಟ್ ಆಗುತ್ತದೆ.

ನಮ್ಮ ಎರಡು ನೆರೆಯ ಕ್ಷೇತ್ರಗಳನ್ನು ನೋಡಿರಿ. ವಿಜಯಪುರ ನಗರದಲ್ಲಿ 2013ರಲ್ಲಿ ಕಾಂಗ್ರೆಸ್ಸಿನ ಮಕ್ಬೂಲ್ ಬಾಗವಾನ ಗೆದ್ದರು. 2018ರಲ್ಲಿ ಮತ್ತು 2023ರಲ್ಲಿ ಬಿಜೆಪಿಯ ಬಸನಗೌಡ ಪಾಟೀಲ ಯತ್ನಾಳರು ಕಾಂಗ್ರೆಸ್ಸಿನ ಅಬ್ದುಲ್ ಹಮೀದ್ ಮುಶ್ರಿಫರನ್ನು ಸೋಲಿಸಿದರು. ಅಲ್ಲಿ ಪ್ರಚಾರವು ಮುಗಿಯುವ ಹೊತ್ತಿಗೆ ನೀರು, ರಸ್ತೆ, ಒಳಚರಂಡಿಯ ಮಾತು ಹಿಂದೆ ಸರಿದು ಧರ್ಮದ ಮಾತು ಮುಂದೆ ಬರುತ್ತದೆ. ಮಮದಾಪುರ ಸೇರಿರುವ ಬಬಲೇಶ್ವರ ಕ್ಷೇತ್ರವು 2008ರ ಪುನರ್ವಿಂಗಡಣೆಯಲ್ಲಿ ಹುಟ್ಟಿತು. ಇಲ್ಲಿ ಮುಖ್ಯ ಸ್ಪರ್ಧಿಗಳು ನಮ್ಮ ಸಮುದಾಯದವರಲ್ಲ. ವಾದ ನಡೆಯುವುದು ಹೆಚ್ಚಾಗಿ ನೀರಾವರಿಯ ಸುತ್ತ. ಗೆದ್ದವರು ಯಾರೆಂಬುದಕ್ಕಿಂತ, ಯಾವ ಮಾತಿನ ಮೇಲೆ ಗೆದ್ದರು ಎಂಬುದು ಮುಂದಿನ ಐದು ವರ್ಷವನ್ನು ತೀರ್ಮಾನಿಸುತ್ತದೆ. ನೀರಿನ ಮಾತಿನ ಮೇಲೆ ಗೆದ್ದವನಿಂದ ನೀರನ್ನು ಕೇಳಬಹುದು. ದ್ವೇಷದ ಮೇಲೆ ಗೆದ್ದವನಿಂದಾಗಲಿ, ಬರೀ ಭಯದ ಮೇಲೆ ಗೆದ್ದವನಿಂದಾಗಲಿ ಏನು ಕೇಳುವಿರಿ?

ಪಕ್ಷದ ಪಕ್ಕದ ಕೋಣೆ

ಕೆಲವರು ರಾಜಕೀಯವೇ ಕೊಳಕು, ಪಕ್ಷಗಳ ಸಹವಾಸ ಬೇಡ ಎನ್ನುತ್ತಾರೆ. ನಾವು ಅದನ್ನು ಒಪ್ಪುವುದಿಲ್ಲ. ಪಕ್ಷಗಳಿಲ್ಲದೆ ಪ್ರಜಾಪ್ರಭುತ್ವ ನಡೆಯದು. ಅಭ್ಯರ್ಥಿಯನ್ನು ಆರಿಸುವುದು, ಪ್ರಣಾಳಿಕೆ ಬರೆಯುವುದು, ಮತಗಟ್ಟೆಯಲ್ಲಿ ಏಜೆಂಟರನ್ನು ಕೂರಿಸುವುದು ಎಲ್ಲವೂ ಪಕ್ಷದ ಕೆಲಸ. ನಮ್ಮ ಪ್ರಶ್ನೆ ಬೇರೆ: ಪಕ್ಷದ ಮನೆಯಲ್ಲಿ ನಾವು ಯಾವ ಕೋಣೆಯಲ್ಲಿದ್ದೇವೆ?

ನಮ್ಮ ಚುರುಕಾದ ಯುವಕನೊಬ್ಬ ಪಕ್ಷಕ್ಕೆ ಹೋದರೆ ಅವನನ್ನು ನೇರವಾಗಿ ಅಲ್ಪಸಂಖ್ಯಾತರ ಘಟಕಕ್ಕೆ ಕಳುಹಿಸಲಾಗುತ್ತದೆ. ಅಲ್ಲಿ ಅವನು ಏನು ಕಲಿಯುತ್ತಾನೆ? ಬ್ಯಾನರ್ ಕಟ್ಟುವುದು, ಹಾರ ತರುವುದು, ರಮಝಾನಿನಲ್ಲಿ ಇಫ್ತಾರ್ ಕೂಟದ ಕುರ್ಚಿ ಜೋಡಿಸುವುದು, ನಾಯಕರ ತಲೆಗೆ ಟೋಪಿ ತೊಡಿಸಿ ಫೋಟೋ ತೆಗೆಸುವುದು. ತಾಲೂಕಿನ ಬಜೆಟ್ಟು, ನೀರಾವರಿ, ಬೆಲೆ, ಉದ್ಯೋಗದ ಚರ್ಚೆ ನಡೆಯುವುದು ಪಕ್ಕದ ಕೋಣೆಯಲ್ಲಿ. ಹತ್ತು ವರ್ಷ ದುಡಿದ ಮೇಲೂ ಆ ಬಾಗಿಲು ಅವನಿಗೆ ತೆರೆಯುವುದಿಲ್ಲ. ಅವನೂ ತಟ್ಟುವುದಿಲ್ಲ, ಏಕೆಂದರೆ ಎಲ್ಲರ ವಿಷಯವನ್ನು ಮಾತನಾಡುವುದನ್ನು ಅವನಿಗೆ ಯಾರೂ ಕಲಿಸಿಲ್ಲ.

ಆದರೆ ಕರ್ನಾಟಕದ ಚರಿತ್ರೆಯಲ್ಲಿ ಆ ಬಾಗಿಲನ್ನು ತೆರೆದವರಿದ್ದಾರೆ. ಅಬ್ದುಲ್ ನಝೀರ್ ಸಾಬ್ ಅವರನ್ನು ಇಲ್ಲಿನ ಹಿರಿಯರು ಮರೆತಿರಲಾರರು. 1983ರ ನಂತರ ರಾಮಕೃಷ್ಣ ಹೆಗಡೆಯವರ ಸರಕಾರದಲ್ಲಿ ಗ್ರಾಮೀಣಾಭಿವೃದ್ಧಿ ಸಚಿವರಾಗಿದ್ದ ಅವರು ಬರಗಾಲದ ಹಳ್ಳಿಗಳಲ್ಲಿ ಕೊಳವೆಬಾವಿ ಕೊರೆಸಿ ‘ನೀರ್ ಸಾಬ್’ ಎನಿಸಿಕೊಂಡರು. ಜಿಲ್ಲಾ ಪರಿಷತ್ತು, ಮಂಡಲ ಪಂಚಾಯತ್‌ಗಳ ಕಾಯ್ದೆಯ ಹಿಂದಿದ್ದವರು ಅವರೇ. 1987ರಲ್ಲಿ ಅದರಡಿ ಚುನಾವಣೆ ನಡೆದಾಗ ಸ್ಥಾನಗಳಲ್ಲಿ ನಾಲ್ಕನೇ ಒಂದು ಭಾಗ ಮಹಿಳೆಯರಿಗೆ ಮೀಸಲಾಗಿತ್ತು. ದೇಶಕ್ಕೆ ಸಂವಿಧಾನದ 73ನೇ ತಿದ್ದುಪಡಿ ಬರುವುದಕ್ಕೆ ಇನ್ನೂ ಐದಾರು ವರ್ಷಗಳಿದ್ದವು. 1988ರಲ್ಲಿ ಅವರು ತೀರಿಕೊಂಡರು. ಅವರು ಕೊರೆಸಿದ ಬಾವಿಯ ನೀರು ಯಾರ ಓಣಿಗೆ ಹರಿಯಿತೆಂದು ಯಾರೂ ಕೇಳಲಿಲ್ಲ. ಎಲ್ಲರ ಓಣಿಗೂ ಹರಿದಿತ್ತು. ಮುಸ್ಲಿಮ್ ನಾಯಕನೆಂದರೆ ಮುಸ್ಲಿಮರಿಗಾಗಿ ಮಾತ್ರ ಮಾತನಾಡುವವನು ಎಂಬ ತಿಳಿವಳಿಕೆಯನ್ನು ಅವರು ತಮ್ಮ ಕೆಲಸದಿಂದ ಸುಳ್ಳು ಮಾಡಿದರು. ನಮ್ಮ ಯುವಕರಿಗೆ ತೋರಿಸಬೇಕಾದ ಮಾದರಿ ಇದು.

ಪಟ್ಟಿಯಲ್ಲಿ ನಿಮ್ಮ ಹೆಸರು

ಇಷ್ಟೆಲ್ಲ ಹೇಳಿದ ಮೇಲೂ ಪಟ್ಟಿಯಲ್ಲಿ ಹೆಸರೇ ಇಲ್ಲದಿದ್ದರೆ ಏನು ಪ್ರಯೋಜನ? 2023ರ ಮೇ 10ರಂದು ನಾವು ಈ ಜಿಲ್ಲೆಯ ಒಂದು ಮತಗಟ್ಟೆಯ ಬಳಿ ನಿಂತಿದ್ದೆವು. ಎಪ್ಪತ್ತು ದಾಟಿದ ತಾಯಿಯೊಬ್ಬರು ಚೀಟಿ ಹಿಡಿದು ಬಂದರು. ಪಟ್ಟಿಯಲ್ಲಿ ಅವರ ಹೆಸರಿರಲಿಲ್ಲ. ಕೆಲವು ತಿಂಗಳು ಮಗಳ ಮನೆಗೆ ಹೋಗಿದ್ದಾಗ ಹೆಸರು ಹೋಗಿತ್ತು. ಅವರು ಜಗಳವಾಡಲಿಲ್ಲ. “ನಾ ಏನ್ ಸತ್ತೀನೇನಪಾ?” ಎಂದಷ್ಟೇ ಕೇಳಿ ಮರಳಿದರು. ಆ ಪ್ರಶ್ನೆ ಇನ್ನೂ ನಮ್ಮನ್ನು ಬಿಟ್ಟಿಲ್ಲ.

2018ರ ಚುನಾವಣೆಗೆ ಮುನ್ನ, ಸಾಚಾರ್ ಸಮಿತಿಯ ಸದಸ್ಯ ಕಾರ್ಯದರ್ಶಿಯಾಗಿದ್ದ ಅಬೂಸಾಲೆಹ್ ಶರೀಫರ ಸಂಸ್ಥೆಯು ರಾಜ್ಯದಲ್ಲಿ ಲಕ್ಷಾಂತರ ಮುಸ್ಲಿಮ್ ವಯಸ್ಕರ ಹೆಸರು ಪಟ್ಟಿಯಲ್ಲಿಲ್ಲವೆಂದು ಅಂದಾಜಿಸಿತ್ತು. 2023ರ ಚುನಾವಣೆಗೆ ಮುನ್ನ ಕಲಬುರಗಿ ಜಿಲ್ಲೆಯ ಆಳಂದ ಕ್ಷೇತ್ರದಲ್ಲಿ ಹೆಸರು ತೆಗೆಯಬೇಕೆಂದು 6,018 ಅರ್ಜಿಗಳು ಆನ್‌ಲೈನಿನಲ್ಲಿ ಬಂದವು. ಪರಿಶೀಲಿಸಿದಾಗ ಸರಿಯಾಗಿದ್ದವು 24 ಮಾತ್ರ. ಅರ್ಜಿದಾರರೆಂದು ಹೆಸರಿದ್ದವರಿಗೇ ಅದರ ಸುಳಿವಿರಲಿಲ್ಲ. ಮತಗಟ್ಟೆ ಮಟ್ಟದ ಅಧಿಕಾರಿಯೊಬ್ಬರು ತಮ್ಮ ಬಂಧುವಿನ ಹೆಸರಿಗೇ ಇಂಥ ಅರ್ಜಿ ಬಂದಿರುವುದನ್ನು ಕಂಡು ವಿಚಾರಿಸಿದ್ದರಿಂದ ಇದು ಬೆಳಕಿಗೆ ಬಂತು. 2025ರಲ್ಲಿ ರಾಜ್ಯ ಸರಕಾರ ವಿಶೇಷ ತನಿಖಾ ತಂಡವನ್ನು ರಚಿಸಿತು. ಗಮನಿಸಿರಿ: ಆ ಸಾವಿರಾರು ಮತಗಳು ಉಳಿದದ್ದು ಒಬ್ಬರು ಪಟ್ಟಿಯನ್ನು ಕಣ್ಣಿಟ್ಟು ನೋಡಿದ್ದರಿಂದ.

2025ರಲ್ಲಿ ಬಿಹಾರದ ವಿಶೇಷ ತೀವ್ರ ಪರಿಷ್ಕರಣೆಯ ಕರಡು ಪಟ್ಟಿಯಿಂದ ಸುಮಾರು 65 ಲಕ್ಷ ಹೆಸರುಗಳು ಹೊರಗುಳಿದವು. ಸತ್ತವರು, ಊರು ಬಿಟ್ಟವರು, ಎರಡು ಕಡೆ ಇದ್ದವರು ಎಂಬ ವಿವರಣೆ ಬಂತು, ಬದುಕಿದ್ದವರೂ ಅದರಲ್ಲಿದ್ದರು. ನಮ್ಮ ರಾಜ್ಯದಲ್ಲಿ ಅಂಥ ಹಿಂದಿನ ಪರಿಷ್ಕರಣೆ ನಡೆದದ್ದು 2002ರಲ್ಲಿ. ಆ ಪಟ್ಟಿಯಲ್ಲಿ ನಿಮ್ಮ ಅಥವಾ ನಿಮ್ಮ ತಂದೆತಾಯಿಯ ಹೆಸರಿದೆಯೇ ಎಂದು ಪ್ರತಿ ಮನೆಯೂ ನೋಡಿಟ್ಟುಕೊಳ್ಳುವುದು ಒಳ್ಳೆಯದು.

ನಮ್ಮ ಭಾಗದ ಕಷ್ಟಗಳು ಎರಡು. ಒಂದು, ಗುಳೆ. ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ, ಕಟ್ಟಡದ ಕೆಲಸಕ್ಕೆ ಗೋವಾಕ್ಕೆ, ಮಂಗಳೂರಿಗೆ ಹೋಗುವ ಕುಟುಂಬಗಳ ಮನೆಗೆ ಬೀಗ ಬಿದ್ದಿರುತ್ತದೆ. ಬೀಗ ಕಂಡವರು ‘ಸ್ಥಳಾಂತರ’ ಎಂದು ಬರೆದುಕೊಂಡು ಹೋಗುತ್ತಾರೆ. ಆದರೆ ತಾತ್ಕಾಲಿಕವಾಗಿ ಊರಿನಿಂದ ದೂರವಿದ್ದ ಮಾತ್ರಕ್ಕೆ ಯಾರೂ ಆ ಊರಿನ ನಿವಾಸಿಯಾಗಿ ಉಳಿಯುವುದಿಲ್ಲ ಎನ್ನಲಾಗದು ಎಂಬುದು 1950ರ ಪ್ರಜಾಪ್ರತಿನಿಧಿ ಕಾಯ್ದೆಯಲ್ಲೇ ಇದೆ. ಸ್ಥಳಾಂತರದ ಕಾರಣಕ್ಕೆ ಹೆಸರು ತೆಗೆಯುವ ಮುನ್ನ ಆ ವ್ಯಕ್ತಿಯ ಮಾತನ್ನು ಕೇಳಬೇಕೆಂಬುದೂ ಅದರಲ್ಲಿದೆ. ಹಾಗಾದರೆ ಬೀಗ ಬಿದ್ದ ಮನೆಯ ಪರವಾಗಿ “ಇವರು ದುಡಿಯಲು ಹೋಗಿದ್ದಾರೆ, ಬರುತ್ತಾರೆ” ಎಂದು ಹೇಳುವ ನೆರೆಯವರು ಬೇಕು. ಅದು ನಿಮ್ಮ ಹೊಣೆ.

ಎರಡನೆಯದು, ಹೆಸರು. ನಮ್ಮ ಉರ್ದು ಹೆಸರುಗಳು ಕನ್ನಡದ ಬರವಣಿಗೆಯಲ್ಲಿ ನಾಲ್ಕು ರೂಪ ತಾಳುತ್ತವೆ. ಪಡಿತರ ಚೀಟಿಯಲ್ಲಿ ಮೆಹಬೂಬಬಿ, ಆಧಾರ್‌ನಲ್ಲಿ ಮಹಬೂಬ್ ಬೀ, ಮತದಾರರ ಪಟ್ಟಿಯಲ್ಲಿ ಮಾಬುಬಿ. ಮುಲ್ಲಾ, ನದಾಫ, ಮುಜಾವರ ಎಂಬ ಅಡ್ಡಹೆಸರು ಒಂದರಲ್ಲಿ ಇರುತ್ತದೆ, ಇನ್ನೊಂದರಲ್ಲಿ ಇರುವುದಿಲ್ಲ. ಇದನ್ನು ಸರಿಪಡಿಸಲು ನಮೂನೆ 8 ಇದೆ. ಮದುವೆಯಾಗಿ ಬೇರೆ ಊರಿಗೆ ಹೋದ ಮಗಳ ಹೆಸರನ್ನು ವರ್ಗಾಯಿಸಲೂ ಅದೇ ನಮೂನೆ. ಹೊಸ ಹೆಸರಿಗೆ ನಮೂನೆ 6. ತೆಗೆಯಲು ನಮೂನೆ 7. ನಾಮಪತ್ರ ಸಲ್ಲಿಕೆಯ ಕೊನೆಯ ದಿನ ಕಳೆದ ಮೇಲೆ ಹೆಸರು ಸೇರಿಸಲು ಕಾನೂನಿನಲ್ಲಿ ಅವಕಾಶವಿಲ್ಲ. ಮತದಾನದ ದಿನ ಗೇಟಿನಲ್ಲಿ ನಿಂತು ಕೂಗಿದರೆ ಫಲವಿಲ್ಲ.

ತಾಯಂದಿರ ಮತ

ಈಗ ಪರದೆಯ ಆಚೆ ಕುಳಿತವರಿಗೆ ಒಂದು ಮಾತು. ಸ್ವತಂತ್ರ ಭಾರತದ ಮೊದಲ ಮಹಾ ಚುನಾವಣೆಗೆ ಪಟ್ಟಿ ತಯಾರಿಸುವಾಗ ಉತ್ತರ ಭಾರತದ ಲಕ್ಷಾಂತರ ಮಹಿಳೆಯರು ತಮ್ಮ ಹೆಸರು ಹೇಳಲಿಲ್ಲ. ಇಂಥವನ ಹೆಂಡತಿ, ಇಂಥವನ ತಾಯಿ ಎಂದಷ್ಟೇ ಬರೆಸಿದರು. ಮುಖ್ಯ ಚುನಾವಣಾ ಆಯುಕ್ತ ಸುಕುಮಾರ್ ಸೇನ್ ಅಂಥ ನಮೂದುಗಳನ್ನು ಒಪ್ಪಲಿಲ್ಲ. ಸುಮಾರು 28 ಲಕ್ಷ ಹೆಸರುಗಳು ಪಟ್ಟಿಯಿಂದ ಹೋದವು. ಪ್ರಜಾಪ್ರಭುತ್ವವು ಕೇಳಿದ ಮೊದಲ ಪ್ರಶ್ನೆ “ನಿನ್ನ ಹೆಸರೇನು?” ಎಂಬುದಾಗಿತ್ತು.

ಇಂದು ಹೆಸರು ಪಟ್ಟಿಯಲ್ಲಿದೆ. ಆದರೆ ತೀರ್ಮಾನ ಯಾರದು? ಎಷ್ಟೋ ಮನೆಗಳಲ್ಲಿ ಹಿಂದಿನ ರಾತ್ರಿ ಗಂಡಸರು ಗುರುತನ್ನು ಹೇಳುತ್ತಾರೆ, ಹೆಂಗಸರು ಬೆಳಗ್ಗೆ ಅದನ್ನು ಒತ್ತಿ ಬರುತ್ತಾರೆ. ಪಂಚಾಯತಿಗಳಲ್ಲಿ 2010ರಿಂದ ಅರ್ಧದಷ್ಟು ಸ್ಥಾನಗಳು ಮಹಿಳೆಯರಿಗೆ ಮೀಸಲಿವೆ. ಆದರೆ ಎಷ್ಟೋ ಕಡೆ ಸಭೆಯಲ್ಲಿ ಕುಳಿತುಕೊಳ್ಳುವವನು ಆಕೆಯ ಪತಿ. ಇದನ್ನು ಧರ್ಮದ ಹೆಸರಿನಲ್ಲಿ ಸಮರ್ಥಿಸುವವರು ಧರ್ಮದ ಚರಿತ್ರೆಯನ್ನು ಓದಲಿ. ಅಖಬದ ಎರಡನೆಯ ಪ್ರತಿಜ್ಞೆಯಲ್ಲಿ ಎಪ್ಪತ್ತಕ್ಕೂ ಹೆಚ್ಚು ಪುರುಷರೊಂದಿಗೆ ಇಬ್ಬರು ಮಹಿಳೆಯರಿದ್ದರು. ನುಸೈಬಾ ಬಿಂತ್ ಕಅಬ್(ರ) ಅವರಲ್ಲೊಬ್ಬರು. ಮಹಿಳೆಯರು ಪ್ರವಾದಿಯವರಿಗೆ(ಸ) ನೇರವಾಗಿ ಕೊಡುವ ಬೈಅತ್ತಿನ ಶರತ್ತುಗಳು ಸೂರಃ ಅಲ್ ಮುಮ್ತಹಿನದಲ್ಲಿವೆ. ಗಂಡಂದಿರ ಮೂಲಕ ಅಲ್ಲ, ತಮ್ಮ ಬಾಯಿಂದ ಅವರು ಮಾತು ಕೊಟ್ಟರು. ಖಲೀಫಾ ಉಮರ್(ರ) ಅವರ ನಂತರ ಮುಂದಿನ ಖಲೀಫರನ್ನು ಆರಿಸುವ ಹೊಣೆ ಹೊತ್ತ ಅಬ್ದುರ್ರಹ್ಮಾನ್ ಬಿನ್ ಔಫ್(ರ) ಮದೀನದಲ್ಲಿ ಮಹಿಳೆಯರ ಅಭಿಪ್ರಾಯವನ್ನೂ ಕೇಳಿದರೆಂದು ಚರಿತ್ರೆಕಾರರು ಬರೆದಿದ್ದಾರೆ. ನಾವು ಯಾರ ಸುನ್ನತ್ತನ್ನು ಪಾಲಿಸುತ್ತಿದ್ದೇವೆ?

ಮನೆಯ ನೀರಿನ ಕೊರತೆ, ಪಡಿತರದ ತೂಕ, ಮಗಳ ಶಾಲೆ ತಾಯಿಗೆ ಗೊತ್ತಿರುವಷ್ಟು ಚಹಾದ ಅಂಗಡಿಯಲ್ಲಿ ಕುಳಿತವನಿಗೆ ಗೊತ್ತಿರುವುದಿಲ್ಲ. ಆಕೆಯ ಮತ ಆಕೆಯದೇ ಆದಾಗ ಬೇಡಿಕೆಗಳ ಪಟ್ಟಿಯೂ ಬದಲಾಗುತ್ತದೆ.

ಅಮಾನತ್ತನ್ನು ಮಾರದಿರೋಣ

ಮಸೀದಿಯ ಬಗ್ಗೆಯೂ ಸ್ಪಷ್ಟವಾಗಿ ಹೇಳಬೇಕು. ಚುನಾವಣೆಯ ಹಿಂದಿನ ಶುಕ್ರವಾರ ಜಮಾಅತ್ತಿನ ಮುಖಂಡರೊಬ್ಬರು ಅಭ್ಯರ್ಥಿಯ ಕೈ ಹಿಡಿದು “ಇಡೀ ಓಣಿಯ ಮತ ನಿಮ್ಮದು” ಎಂದು ಹೇಳುವುದನ್ನು ನಾವು ಕಂಡಿದ್ದೇವೆ. ಆ ಮತ ಅವರಿಗೆ ಯಾರು ಕೊಟ್ಟರು? ಧರ್ಮದ ಆಧಾರದಲ್ಲಿ ಮತ ಯಾಚಿಸುವುದು ಭ್ರಷ್ಟ ಆಚರಣೆಯೆಂದು ಕಾನೂನು ಹೇಳುತ್ತದೆ. 2017ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಇನ್ನಷ್ಟು ಬಿಗಿಗೊಳಿಸಿತು. ಧಾರ್ಮಿಕ ಸ್ಥಳಗಳನ್ನು ರಾಜಕೀಯಕ್ಕೆ ಬಳಸುವುದನ್ನು 1988ರ ಕಾಯ್ದೆ ತಡೆಯುತ್ತದೆ. ಆದ್ದರಿಂದಲೇ ನಾವು ಇಂದು ಈ ಶಾಲೆಯ ಅಂಗಳದಲ್ಲಿ ಸೇರಿದ್ದೇವೆ. ಮತ ಒಂದು ಅಮಾನತ್ತು, ಒಂದು ಸಾಕ್ಷ್ಯ ಎಂದು ಇಮಾಮರು ಬೋಧಿಸಲಿ. ಸಾಕ್ಷ್ಯವನ್ನು ಬಚ್ಚಿಡುವುದೂ ಮಾರುವುದೂ ಪಾಪವೆಂದು ಹೇಳಲಿ. ಆದರೆ ಯಾರಿಗೆ ಎಂಬುದು ಪ್ರತಿಯೊಬ್ಬನ, ಪ್ರತಿಯೊಬ್ಬಳ ಆತ್ಮಸಾಕ್ಷಿಗೆ ಬಿಟ್ಟ ವಿಷಯ. ನೋಟು ಪಡೆದು ಸಾಕ್ಷಿ ಹೇಳುವವನನ್ನು ನ್ಯಾಯಾಲಯ ನಂಬುವುದಿಲ್ಲ. ನೋಟು ಪಡೆದು ಮತ ಹಾಕಿದವನನ್ನು ಗೆದ್ದವನೂ ನಂಬುವುದಿಲ್ಲ. ಲೆಕ್ಕ ಚುಕ್ತಾ ಆಯಿತು ಎಂದುಕೊಳ್ಳುತ್ತಾನೆ, ಅಷ್ಟೇ.

ಈ ಊರಿನಿಂದ ಹೊರಡುವ ಮುನ್ನ ನಾವು ನಿಮ್ಮಲ್ಲಿ ಕೇಳುವುದು ಮೂರೇ ಕೆಲಸ. ಒಂದು, ಪ್ರತಿ ಓಣಿಯಲ್ಲಿ ಇಬ್ಬರು ಯುವಕರು, ಇಬ್ಬರು ಯುವತಿಯರು ಮತದಾರರ ಪಟ್ಟಿಯನ್ನು ಮನೆಮನೆಗೆ ಒಯ್ದು ಓದಿ ಹೇಳಲಿ. ನಮ್ಮ ಮನೆಗಳನ್ನು ಮಾತ್ರವಲ್ಲ, ತಾಂಡಾದ, ಕೇರಿಯ ಮನೆಗಳನ್ನೂ ಸೇರಿಸಿಕೊಳ್ಳಲಿ. ಗುಳೆ ಹೋದ ಬಡವನ ಹೆಸರು ಯಾವ ಧರ್ಮದ್ದಾದರೂ ಹೋಗಬಾರದು. ಎರಡು, ವರ್ಷಕ್ಕೆ ಎರಡು ಬಾರಿಯಾದರೂ ಸೇರಬೇಕಾದ ಗ್ರಾಮ ಸಭೆಗೆ ಹೋಗಿರಿ. ಒಂದೇ ಒಂದು ಬೇಡಿಕೆಯನ್ನು ಬರೆದುಕೊಂಡು ಹೋಗಿ, ಅದನ್ನು ನಡಾವಳಿ ಪುಸ್ತಕದಲ್ಲಿ ಬರೆಯಿಸಿ ಬನ್ನಿರಿ. ಮೂರು, ಮತ ಕೇಳಲು ಬಂದವರ ಮುಂದೆ, ಅವರು ಯಾವ ಪಕ್ಷದವರಾದರೂ, ಆ ಪುಸ್ತಕದ ಪ್ರತಿಯನ್ನು ಇಟ್ಟು “ಕಳೆದ ಸಲದ ಲೆಕ್ಕ ಹೇಳಿ” ಎಂದು ಕೇಳಿರಿ. ಮಕ್ಕಳ ಎದುರಿಗೇ ಕೇಳಿರಿ. ದಸ್ತರಖಾನಿನ ಮೇಲೆ “ಯಾರನ್ನು ಸೋಲಿಸಬೇಕು?” ಎಂದು ಕೇಳಿ ಬೆಳೆದ ಹುಡುಗ, ನಾಳೆ “ಏನನ್ನು ಕೇಳಬೇಕು?” ಎಂದು ಕೇಳುವಂತಾಗಲಿ.

ಸುಲ್ತಾನನ ಕೆರೆಗೆ ನಾವು ಇಂದಿಗೂ ಕೃತಜ್ಞರು. ಆದರೆ ಅದರ ಏರಿ ಒಡೆದರೆ ದುರಸ್ತಿ ಮಾಡಿಸಲು ಇನ್ನೊಬ್ಬ ಸುಲ್ತಾನ ಬರುವುದಿಲ್ಲ. ನಾವೇ ಅರ್ಜಿ ಬರೆಯಬೇಕು, ನಾವೇ ಹಿಂಬಾಲಿಸಬೇಕು, ನೆರೆಯವರೊಂದಿಗೆ ಸೇರಿ ಕೇಳಬೇಕು. ಅಲ್ಲಾಹನು ನಮಗೆ ವಹಿಸಿದ ಈ ಅಮಾನತ್ತನ್ನು ಭಯಕ್ಕೂ ಹಣಕ್ಕೂ ಒಪ್ಪಿಸದೆ, ನ್ಯಾಯಕ್ಕೆ ಒಪ್ಪಿಸುವ ಧೈರ್ಯವನ್ನು ನಮ್ಮೆಲ್ಲರಿಗೂ ದಯಪಾಲಿಸಲಿ. ಆಮೀನ್.